ಎಡವಟ್ಟು ಕವಿಯ ಹೊಳೆ

ನಮ್ಮ ಮನೆಯಲ್ಲಿ ದೊಡ್ಡ ಮೇಜು ಇರುವುದು ಒಂದೇ, ಅದು ನನ್ನದು. ಬೀದಿ ಕಡೆಯ ಕೋಣೆಯಲ್ಲಿ ನಾನು ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಬಟ್ಟೆ ಹರವಿ ಕತ್ತರಿಸಲೆಂದು ಹೇಳಿ ಮಾಡಿಸಿದ ಮೇಜು. ಆದರೆ ಶಾಲೆ ಬಿಟ್ಟ ಮೇಲೆ ನಮ್ಮತ್ತಿಗೆ ಬಂದು ಅದರ ಅರ್ಧವನ್ನು ವಶಪಡಿಸಿಕೊಳ್ಳುತ್ತಾರೆ. ಈಚೆ ನನ್ನ ಸೀಮೆಸುಣ್ಣ, ಕತ್ತರಿ, ಅಳತೆಪಟ್ಟಿ. ಆಚೆ ಅವರ ಸಾವಿರ ವರ್ಷ ಹಳೆಯ ಕಾವ್ಯಗಳು. ನಾನು ಗಿರಾಕಿಯ ತೋಳಿನ ಅಳತೆ ತೆಗೆಯುತ್ತಿರುವಾಗ ಪಕ್ಕದಿಂದ, "ಇಲ್ಲಿ ನೋಡೇ, ಇವನು ಕುಂಬಾರನ ತಿಗರಿ ವಿಷಯ ತಂದಿದ್ದಾನೆ" ಎಂಬ ಕೂಗು ಕೇಳುತ್ತದೆ. ಗಿರಾಕಿ ಬೆಚ್ಚಿ ಕೈ ಇಳಿಸುತ್ತಾಳೆ, ನನ್ನ ಅಳತೆ ಕೆಡುತ್ತದೆ. ಎಷ್ಟು ಜಗಳವಾಡಿದರೂ ಆ ಮೇಜಿನ ಗಡಿ ಇವತ್ತಿನವರೆಗೂ ತೀರ್ಮಾನವಾಗಿಲ್ಲ.

ಅತ್ತಿಗೆ ಹೈಸ್ಕೂಲಿನಲ್ಲಿ ಚರಿತ್ರೆ ಟೀಚರು. ಅಣ್ಣನನ್ನು ಮದುವೆಯಾಗಿ ಬಂದಾಗ ಎರಡು ಪೆಟ್ಟಿಗೆ ತಂದಿದ್ದರು. ಒಂದರಲ್ಲಿ ಬಟ್ಟೆ, ಇನ್ನೊಂದು ಇಬ್ಬರು ಸೇರಿದರೂ ಎತ್ತಲಾಗದಷ್ಟು ಭಾರ. ಪಾತ್ರೆ ಪಡಗ ಇರಬೇಕೆಂದು ಅಮ್ಮ ಒಳಗೊಳಗೇ ಹಿಗ್ಗಿದಳು. ತೆಗೆದು ನೋಡಿದರೆ ಗೆದ್ದಲು ತಿಂದ ಪುಸ್ತಕಗಳು. ಅಮ್ಮನ ಮುಖ ನೋಡಬೇಕಿತ್ತು. ಮೋಟಾರಿಗೆ ತಂತಿ ಸುತ್ತುವ ಕೆಲಸದ ನಮ್ಮಣ್ಣ ಮಾತ್ರ ಒಂದು ಮಾತೂ ಆಡದೆ ಗೋಡೆಗೆ ಹಲಗೆ ಹೊಡೆದುಕೊಟ್ಟ. ಮಾತು ಕಡಿಮೆ, ಕೆಲಸ ಗಟ್ಟಿ, ಅಂಥ ಜೀವ ಅದು.

ಅತ್ತಿಗೆ ಓದುವ ರೀತಿಯೇ ಬೇರೆ. ಕಾವ್ಯದಲ್ಲಿ ರಾಜ ಬಂದರೆ, ಯುದ್ಧ ಬಂದರೆ ಅವರಿಗೆ ಬೇಡ. ಅವರಿಗೆ ಬೇಕಾದದ್ದು ಹೋಲಿಕೆ. "ಕವಿ ರಾಜನ ವಿಷಯದಲ್ಲಿ ಸುಳ್ಳು ಹೇಳ್ತಾನೆ ಕಣೇ, ಅನ್ನ ಹಾಕೋನು ಅವನು ತಾನೆ. ಆದ್ರೆ ಹೋಲಿಕೆ ಕೊಡುವಾಗ ಸುಳ್ಳು ನಡೆಯಲ್ಲ. ಕೇಳೋರು ದಿನಾ ಕಂಡಿರೋದನ್ನೇ ಹೇಳಬೇಕು, ಇಲ್ಲದಿದ್ರೆ ಅರ್ಥವೇ ಆಗಲ್ಲ." ರಾಜನ ಕತ್ತಿ ಕುಂಬಾರನ ತಿಗರಿಯಂತೆ ತಿರುಗಿತು ಎಂದಿದ್ದರೆ ಕತ್ತಿಯನ್ನು ಅಲ್ಲೇ ಬಿಟ್ಟು ತಿಗರಿಯನ್ನು ಮನೆಗೆ ತರುತ್ತಾರೆ. ಅಕ್ಕಿ ಎಸೆದು ಹೊಟ್ಟು ಆರಿಸುವ ಸೊಸೆ ಎಂದು ಅಮ್ಮ ಗೊಣಗುತ್ತಾಳೆ. ಆದರೆ ಒಮ್ಮೆ ಒಬ್ಬ ಕವಿ, ಶತ್ರುಗಳ ಬಾಣಗಳು ಕರೆಯದೆ ಬಂದ ನೆಂಟರ ಹಾಗೆ ಸಾಲುಸಾಲಾಗಿ ಬಂದವು ಎಂದು ಬರೆದದ್ದನ್ನು ಓದಿ ಹೇಳಿದಾಗ ಅಮ್ಮನೇ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, "ಆಗಲೂ ಇತ್ತಾ ಈ ಕಾಟ?" ಎಂದಳು. ಸಾವಿರ ವರ್ಷದ ಹಿಂದಿನವರು ಅವತ್ತಿನಿಂದ ನಮ್ಮ ಮನೆಯಲ್ಲಿ ಓಡಾಡತೊಡಗಿದರು.

ಹೀಗಿರುವಾಗ ಅತ್ತಿಗೆಯ ಕೈಗೆ ಹಡಗು ಸಿಕ್ಕಿತು.

ನಮ್ಮ ಊರು ಸಮುದ್ರದಿಂದ ಬಹಳ ದೂರ. ಪಶ್ಚಿಮದ ಅಂಚಿನಲ್ಲಿ ಒಂದು ಹೊಳೆ ಹರಿಯುತ್ತದೆ. ಹರಿಯುತ್ತದೆ ಎನ್ನುವುದು ಮರ್ಯಾದೆಗೆ. ಮಳೆಗಾಲ ಬಿಟ್ಟರೆ ಪಾದ ಮುಳುಗಿದರೆ ಹೆಚ್ಚು. ಆದರೆ ಈ ಊರನ್ನು ಬಣ್ಣಿಸಿದ ಹಳೆಯ ಕವಿಗಳೆಲ್ಲ, ಒಬ್ಬರಾದ ಮೇಲೊಬ್ಬರು, ಹೊಳೆಯಲ್ಲಿ ಹಡಗು ನಿಲ್ಲಿಸಿದ್ದರು. ಎಲ್ಲರಲ್ಲೂ ಒಂದು ಚಿತ್ರವಂತೂ ತಪ್ಪದೆ ಇತ್ತು: ಹಡಗಿನ ಹಾಯಿ ಕಟ್ಟುವ ಕೂವೆಮರಗಳ ನಡುವಿನಿಂದ ಕೆಂಪಗೆ ಮೇಲೇರುವ ಬೆಳಗಿನ ಸೂರ್ಯ. "ಒಬ್ಬ ಹೇಳಿದ್ರೆ ಬಣ್ಣ ಅನ್ನಬಹುದು. ಇಷ್ಟು ಜನ ಹೇಳಿದಾರೆ ಅಂದ್ರೆ ಕಂಡಿದ್ದಾರೆ" ಎಂದರು ಅತ್ತಿಗೆ. ಆಗ ಇದು ಬಂದರು, ದೂರದ ದೇಶಗಳಿಂದ ಸರಕು ನೇರ ಇಲ್ಲಿಗೇ ಬರುತ್ತಿತ್ತು ಎಂಬುದು ಅವರ ವಾದ. ಒಂದು ರಜಾದಿನ ಸಂಜೆ ನನ್ನನ್ನೂ ಅಣ್ಣನನ್ನೂ ಎಳೆದುಕೊಂಡು ಹೋಗಿ ದಡದುದ್ದಕ್ಕೂ ಹಡಗು ಕಟ್ಟುವ ಕಲ್ಲು ಹುಡುಕಿಸಿದರು. ಎದುರು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಅಣ್ಣ ನೀರನ್ನೇ ನೋಡಿದ. "ಇಲ್ಲಿಗೆ ಹಡಗು ಬರಬೇಕಾದ್ರೆ ಹೊತ್ಕೊಂಡೇ ಬರಬೇಕು" ಎಂದ. ಅತ್ತಿಗೆ ಅವತ್ತು ಅವನ ಜೊತೆ ಮಾತು ಬಿಟ್ಟರು. ಹೊಳೆ ತಿರುಗುವಲ್ಲಿ ನಿಂತಿರುವ ಜೋಡುಬಂಡೆಯ ತನಕ ನಾನೊಬ್ಬಳೇ ಅವರ ಹಿಂದೆ ಹೋದೆ. ಸಿಕ್ಕಿದ್ದು ಒಂದು ಹರಿದ ಚಪ್ಪಲಿ, ಅದೂ ಈ ಕಾಲದ್ದು.

ಇಷ್ಟೆಲ್ಲ ಒದ್ದಾಟ ಯಾಕೆಂದರೆ, ಪೇಟೆಯ ಹಿಂದೆ ಇತಿಹಾಸ ಸಂಘದ ಹಳೆಯ ಕಟ್ಟಡವಿದೆ. ಅದರ ಹಿತ್ತಲ ಕಡೆ, ಕಬ್ಬಿಣದ ಬಾಗಿಲಿನ ಒಂದು ಕೋಣೆ. ಇನ್ನೂ ಅಚ್ಚಾಗದ ಹಸ್ತಪ್ರತಿಗಳೆಲ್ಲ ಅಲ್ಲಿವೆ. ಸದಸ್ಯರಲ್ಲದವರಿಗೆ ಪ್ರವೇಶವಿಲ್ಲ. ಸದಸ್ಯರಾಗಬೇಕಾದರೆ ವಾರ್ಷಿಕ ಸಭೆಯಲ್ಲಿ ಒಂದು ಉಪನ್ಯಾಸ ಓದಬೇಕು, ಸದಸ್ಯರು ಕೈ ಎತ್ತಬೇಕು. ಒಮ್ಮೆ ಬೇಡ ಎಂದರೆ ಬೇಡವೇ, ಮತ್ತೆ ಕೇಳುವಂತಿಲ್ಲ. ಅತ್ತಿಗೆ ಎಷ್ಟೋ ವರ್ಷಗಳಿಂದ ಆ ಬಾಗಿಲಿನ ಕನಸು ಕಾಣುತ್ತಿದ್ದರು. "ಪೆಟ್ಟಿಗೇಲಿ ಇರೋದೆಲ್ಲ ಓದಿ ಮುಗೀತು. ಆ ಕೋಣೆ ಸಿಗದಿದ್ರೆ ಇನ್ನು ಜೀವನಪೂರ್ತಿ ಇವನ್ನೇ ತಿರುವಿ ಹಾಕಬೇಕು" ಎನ್ನುತ್ತಿದ್ದರು.

ಈ ಸಲ ಅವರಿಗೆ ಅವಕಾಶ ಕೊಟ್ಟದ್ದಕ್ಕೆ ಹಡಗೇ ಕಾರಣ. ಸಂಘದ ಅಧ್ಯಕ್ಷರು ಕಣ್ಣು ಮಂಜಾದ ಮುದುಕರು. ಊರಿನ ಮಕ್ಕಳು ಅವರನ್ನು ಹಡಗಿನಜ್ಜ ಎನ್ನುತ್ತಾರೆ. ಈ ಊರು ಬಂದರಾಗಿತ್ತು ಎಂದು ಪ್ರಾಯದಲ್ಲಿ ದಪ್ಪ ಪುಸ್ತಕ ಬರೆದವರು ಅವರೇ. ಸಂಘದ ಗೇಟಿನ ಮೇಲೆ ಹಾಯಿ ಬಿಚ್ಚಿದ ಹಡಗಿನ ಗುರುತು ಕೂರಿಸಿದವರೂ ಅವರೇ. ಅವರ ಹಡಗಿಗೆ ಇನ್ನಷ್ಟು ಕವಿಗಳನ್ನು ಹತ್ತಿಸಿಕೊಂಡು ಒಬ್ಬ ಟೀಚರು ಬರುತ್ತಾಳೆಂದರೆ ಬೇಡ ಎನ್ನುವವರು ಯಾರು? ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುವಂತೆ ನಾನು ಸಭೆಗೆಂದು ಅವರಿಗೆ ಹೊಸ ಬಟ್ಟೆ ಹೊಲಿದೂ ಆಯಿತು.

ಸಭೆ ಹತ್ತಿರ ಬಂದ ಒಂದು ಸಂಜೆ ಅತ್ತಿಗೆ ಮೇಜಿನ ಮೇಲೆ ಉತ್ತರಪತ್ರಿಕೆ ಹರವಿಕೊಂಡು ಕೂತಿದ್ದರು. ಕಾಪಿ ಹಿಡಿಯುವುದರಲ್ಲಿ ನಮ್ಮತ್ತಿಗೆ ಎತ್ತಿದ ಕೈ. ಶಾಲೆಯಲ್ಲಿ ಅವರ ಹೆಸರೇ ಪತ್ತೇದಾರಿ ಟೀಚರು. ಇದ್ದಕ್ಕಿದ್ದಂತೆ ಕಿಸಕ್ಕನೆ ನಕ್ಕರು.

"ಹಿಂದಿನ ಬೆಂಚಿನ ನಾಲ್ಕೂ ಜನ ಬರೆದಿದಾರೆ, ರಾಣಿ ತೀರಿಕೊಂಡ ಮೇಲೆ ಕೋಟೆ ಕಟ್ಟಿಸಿದಳಂತೆ."

"ಸತ್ತ ಮೇಲೆ ಕಟ್ಟಿಸಿದ್ರೆ ದೆವ್ವ ಇರಬೇಕು. ಪೂರ್ತಿ ಮಾರ್ಕು ಕೊಡಿ ಅತ್ತಿಗೆ."

"ನೋಡು, ನಾಲ್ಕು ಜನ ಸರಿ ಉತ್ತರ ಬರೆದ್ರೆ ನಾಲ್ಕೂ ಜನ ಓದಿರಬಹುದು. ನಾಲ್ಕು ಜನ ಒಂದೇ ತಪ್ಪು ಬರೆದ್ರೆ ಬರೆದೋನು ಒಬ್ಬ, ಉಳಿದೋರು ಕದ್ದಿದಾರೆ. ಸ್ವಲ್ಪ ಆ ಬಾಗಿಲು ಮುಂದೆ ಮಾಡೇ, ಸೂರ್ಯ ಕಣ್ಣಿಗೇ ಹೊಡೀತಿದ್ದಾನೆ."

"ಸಂಜೆ ಹೊತ್ತು ಹೊಳೆ ಕಡೆ ಮುಖ ಮಾಡಿ ಕೂತ್ರೆ ಇನ್ನೇನಾಗುತ್ತೆ? ಈ ಕಡೆ ಬಂದು ಕೂತ್ಕೊಳ್ಳಿ" ಎಂದೆ ನಾನು, ಸೂಜಿಗೆ ದಾರ ಪೋಣಿಸುತ್ತಾ.

ತಲೆ ಎತ್ತಿ ನೋಡಿದರೆ ಅತ್ತಿಗೆ ಕೆಂಪು ಪೆನ್ನು ಹಿಡಿದುಕೊಂಡೇ ಎದ್ದು ಬಾಗಿಲಲ್ಲಿ ನಿಂತಿದ್ದಾರೆ. ಬೀದಿಯ ಕೊನೆಗೆ, ಹೊಳೆಯಾಚೆ, ಸೂರ್ಯ ಇಳಿಯುತ್ತಿದ್ದ. ಇಳಿಯುತ್ತಿದ್ದ ಎನ್ನುವುದೇ ಮುಖ್ಯ. ನಮ್ಮ ಹೊಳೆಯ ಕಡೆಯಿಂದ ಸೂರ್ಯ ಯಾವತ್ತೂ ಹುಟ್ಟಿದವನಲ್ಲ. ಕವಿಗಳೆಲ್ಲರ ಹಡಗಿನ ಹಿಂದೆ ಹುಟ್ಟುತ್ತಿದ್ದವನು ಯಾವ ಸೂರ್ಯ ಹಾಗಾದರೆ?

ಅತ್ತಿಗೆ ಒಳಗೆ ಓಡಿದರು. ಹಲಗೆಯ ಮೇಲಿನ ಪುಸ್ತಕಗಳೆಲ್ಲ ದಬದಬ ನನ್ನ ಮೇಜಿಗೆ ಬಿದ್ದವು. ಕತ್ತರಿಸಿಟ್ಟಿದ್ದ ಬಟ್ಟೆಯನ್ನು ನಾನು ಎದೆಗೊತ್ತಿಕೊಂಡು ಹಿಂದೆ ಸರಿದೆ. ಬೇಕಾದದ್ದು ಸ್ವಲ್ಪ ಹೊತ್ತಿಗೆ ಸಿಕ್ಕಿತು. ಎಲ್ಲರಿಗಿಂತ ಹಳೆಯ ಒಬ್ಬ ಕವಿ, ಪೂರ್ವದ ಕಡಲತೀರದ ಬೇರೊಂದು ಪಟ್ಟಣವನ್ನು ಬಣ್ಣಿಸಿದ್ದ. ಅಲ್ಲಿ ಕಡಲು ಪೂರ್ವಕ್ಕೆ, ಹಡಗು ನಿಜ, ಕೂವೆಮರದ ನಡುವಿನ ಸೂರ್ಯನೂ ನಿಜ. ಆಮೇಲೆ ಬಂದವರೆಲ್ಲ ಊರಿನ ಹೆಸರು ಬದಲಾಯಿಸಿ ಉಳಿದದ್ದನ್ನು ಹಾಗೇ ಇಳಿಸಿಕೊಂಡಿದ್ದರು. ಮಕ್ಕಳ ಕಾಪಿಯನ್ನು ಕಣ್ಣುಮುಚ್ಚಿ ಹಿಡಿಯುವ ನಮ್ಮತ್ತಿಗೆಗೆ ಕವಿಗಳ ಕಾಪಿ ಕಂಡಿರಲಿಲ್ಲ. ದೊಡ್ಡವರು ಎಂಬ ಗೌರವ ಅಡ್ಡ ಬಂದಿತ್ತು.

ಮನೆಯವರೆಲ್ಲ ಮೇಜಿನ ಸುತ್ತ ಸೇರಿದೆವು. ಅಮ್ಮನಿಗೆ ವಿಷಯ ತಿಳಿಸಿ ಹೇಳಿದಾಗ, "ರವಿ ಕಾಣದ್ದನ್ನು ಕವಿ ಕಂಡ ಅಂತಾರೆ. ಇವರಿಗೆ ರವಿಯೇ ಕಂಡಿಲ್ಲವಲ್ಲೇ" ಎಂದಳು. ಅಣ್ಣ ತಲೆ ಕೆರೆದುಕೊಂಡ.

"ಬರೆದಿದ್ದನ್ನೇ ಓದಿಬಿಡು. ಅಲ್ಲಿ ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಲ್ಲ" ಎಂದರು ಅತ್ತಿಗೆ.

"ಹಾಗಾದ್ರೆ ಹುಷಾರಿಲ್ಲ ಅಂತ ಹೇಳಿ ಕಳಿಸೋಣ."

"ಈ ಸಲ ಹೋಗದಿದ್ರೆ ಇನ್ನು ಕರೆಯಲ್ಲ."

ಬಿಸಿ ತುಪ್ಪ, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ. ನನಗೆ ಮಾತ್ರ ಆ ಸತ್ತ ಕವಿಗಳ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ನಾಲ್ಕು ಹೆಜ್ಜೆ ನಡೆದು ಹೊಳೆ ನೋಡಿ ಬರೆಯಲು ಇವರಿಗೇನು ಕಾಲು ನೋವೇ? ಅತ್ತಿಗೆ ಬಾಡಿದ ಮುಖದಲ್ಲಿ ಪುಸ್ತಕ ಜೋಡಿಸುವುದನ್ನು ನೋಡಲಾಗದೆ ನನಗೆ ತಿಳಿದದ್ದನ್ನು ಹೇಳಿದೆ. "ಅತ್ತಿಗೆ, ಕತ್ತರಿಸೋದು ತಪ್ಪಿದ್ರೆ ಬಟ್ಟೆ ಹೋಯ್ತು ಅಂತಲೇ ಲೆಕ್ಕ. ಹೊಲಿಯೋದು ತಪ್ಪಿದ್ರೆ ಬಿಚ್ಚಬಹುದು."

"ನಂದು ಯಾವುದು?"

"ಹೊಲಿಗೆ. ಬಟ್ಟೆ ಹಾಗೇ ಇದೆ, ಬಿಚ್ಚಿ."

ಮರುದಿನ ಶಾಲೆಗೆ ರಜೆ ಹಾಕಿ ಅವರು ಬಿಚ್ಚಲು ಕೂತರು. ಕದ್ದವರನ್ನೆಲ್ಲ ಒಂದು ಕಡೆ ರಾಶಿ ಹಾಕಿದರು. ಕದಿಯದವರು ಯಾರಾದರೂ ಉಳಿಯುತ್ತಾರೋ ನೋಡುವುದು. ಮೇಜು ಪೂರ್ತಿ ಅವರಿಗೇ ಬಿಟ್ಟುಕೊಟ್ಟು ನಾನು ನೆಲದ ಮೇಲೆ ಕೂತು ಗುಂಡಿ ಹೊಲಿಯುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಒಂದು ಕಿರುಚು ಕೇಳಿ ಸೂಜಿ ಬೆರಳಿಗೆ ಚುಚ್ಚಿಕೊಂಡೆ.

"ಇವನು ನೋಡಿದ್ದಾನೆ ಕಣೇ. ಇವನು ಹೊಳೆ ನೋಡಿದ್ದಾನೆ."

ಅವನನ್ನು ಪಂಡಿತರೆಲ್ಲ ಎಡವಟ್ಟು ಕವಿ ಎಂದು ಕರೆಯುತ್ತಿದ್ದರಂತೆ. ಛಂದಸ್ಸು ಹೆಜ್ಜೆಹೆಜ್ಜೆಗೂ ಮುಗ್ಗರಿಸುತ್ತದೆ, ಎಲ್ಲರಿಂದಲೂ ಸಾಲ ತರುತ್ತಾನೆ. ಅವನ ಒಂದಿಷ್ಟು ಪದ್ಯಗಳನ್ನು ನಗೆಗೀಡು ಮಾಡಲೆಂದೇ ಯಾರೋ ಒಂದು ಪುಸ್ತಕದ ಕೊನೆಗೆ ಅಚ್ಚು ಹಾಕಿದ್ದರು. ಉಳಿದದ್ದು ಸಂಘದ ಕೋಣೆಯಲ್ಲಿತ್ತು. ಹಡಗಿಲ್ಲ ಎಂಬ ಕಾರಣಕ್ಕೆ ಅತ್ತಿಗೆಯೂ ಇವನನ್ನು ಪಕ್ಕಕ್ಕಿಟ್ಟಿದ್ದರು. ಅವನೂ ಉಳಿದವರಂತೆಯೇ ಶುರುಮಾಡುತ್ತಾನೆ, ಜೋಡುಬಂಡೆಯ ಬಳಿಯ ಹೊಳೆ ಎನ್ನುತ್ತಾನೆ. ಇನ್ನೇನು ಹಡಗು ಬರಬೇಕು, ಬರುವುದಿಲ್ಲ. ಒಬ್ಬ ದೋಣಿಯವನು ಇನ್ನೊಬ್ಬ ಗಿರಾಕಿ ಬರಲಿ ಎಂದು ದಡದಲ್ಲೇ ಕೂಗುತ್ತಾನೆ. ಹೊರಟ ದೋಣಿ ಮರಳಿಗೆ ತಾಗಿ ನಿಲ್ಲುತ್ತದೆ, ಹತ್ತಿದವರೇ ಇಳಿದು ತಳ್ಳುತ್ತಾರೆ. ದೋಣಿಗಿಂತ ಮುಂಚೆ ಎಮ್ಮೆಗಳು ಆಚೆ ದಡ ಸೇರುತ್ತವೆ. ಅಗಸರ ಬಟ್ಟೆ ಇನ್ನೂ ಹಸಿ, ಅಷ್ಟರಲ್ಲಿ ಸೂರ್ಯ ಹೊಳೆಯಾಚೆ ಇಳಿಯುತ್ತಾನೆ.

ಇಳಿಯುತ್ತಾನೆ. ನಾನು ನೂಲು ಬಿಸಾಡಿ ಎದ್ದು ಅತ್ತಿಗೆಯನ್ನು ತಬ್ಬಿಕೊಂಡೆ. ಇಬ್ಬರೂ ಹುಚ್ಚರ ಹಾಗೆ ಕುಣಿದೆವು. ಅಳತೆ ಕೊಡಲು ಬಂದ ಹೆಂಗಸೊಬ್ಬಳು ಬಾಗಿಲಿಂದಲೇ ವಾಪಸು ಹೋದಳು. ಹೋಗಲಿ ಬಿಡಿ. ಸಾವಿರ ವರ್ಷದ ಹಿಂದೆ ಒಬ್ಬ ಮನುಷ್ಯ, ಎಲ್ಲರೂ ಹಡಗು ಬರೆಯುವಾಗ, ತನ್ನ ಕಣ್ಣಿಗೆ ಕಾಣದ ಹಡಗನ್ನು ಬರೆಯಲಾರದೆ ಎಮ್ಮೆ ಬರೆದಿದ್ದಾನೆ. ಅವನನ್ನು ಎಲ್ಲರೂ ದಡ್ಡ ಎಂದಿದ್ದಾರೆ. ಅದು ಗೊತ್ತಾದ ಮಧ್ಯಾಹ್ನ ಯಾರಿಗೆ ತಾನೇ ಬಟ್ಟೆ ಹೊಲಿಯಲು ಮನಸ್ಸು ಬರುತ್ತದೆ?

ಕುಣಿದು ಸುಸ್ತಾದ ಮೇಲೆ ಅತ್ತಿಗೆ ಮೆಲ್ಲಗೆ ಹೇಳಿದರು. "ಇದನ್ನ ಹಡಗಿನಜ್ಜನ ಮುಂದೆ ಓದಬೇಕು."

ಸಭೆಗೆ ನಾವೆಲ್ಲ ಹೋದೆವು. ಎತ್ತರದ ಛಾವಣಿ, ಕಿರುಗುಟ್ಟುವ ಫ್ಯಾನು, ಬೆತ್ತದ ಕುರ್ಚಿಗಳು. ಮುಂದಿನ ಸಾಲಿನಲ್ಲಿ ಹಡಗಿನಜ್ಜ ಕಪ್ಪು ಕನ್ನಡಕ ಹಾಕಿಕೊಂಡು, ಕೋಲಿನ ಮೇಲೆ ಗದ್ದ ಊರಿ ಕೂತಿದ್ದರು. ಅವರ ಹಿಂದೆ ಸದಸ್ಯರು. ಅತ್ತಿಗೆ ವೇದಿಕೆ ಹತ್ತಿ, ಕೊನೆಯ ಸಾಲಿನಲ್ಲಿದ್ದ ನಮ್ಮನ್ನೊಮ್ಮೆ ನೋಡಿ ಹಾಳೆ ಬಿಡಿಸಿದರು.

"ಈ ಊರಿಗೆ ಹಡಗು ಬರ್ತಿತ್ತು ಅಂತ ಸಾಧಿಸೋಕೆ ಶುರುಮಾಡಿದೆ. ಬರ್ತಿರಲಿಲ್ಲ ಅಂತ ಹೇಳೋಕೆ ಬಂದಿದ್ದೀನಿ" ಎಂದೇ ಆರಂಭಿಸಿದರು. ಕುರ್ಚಿಗಳು ಸರಿದಾಡಿದವು. ಮೊದಲು ನಡುಗುತ್ತಿದ್ದ ದನಿ ಸೂರ್ಯನ ವಿಷಯಕ್ಕೆ ಬರುವಷ್ಟರಲ್ಲಿ ಗಟ್ಟಿಯಾಯಿತು. ದೋಣಿ ತಳ್ಳುವ ಪದ್ಯ ಬಂದಾಗ ತಾವು ಎಲ್ಲಿದ್ದೇವೆಂಬುದನ್ನೇ ಮರೆತು, ಕೈಯೆತ್ತಿ ದೋಣಿಯವನ ಹಾಗೆ ಕೂಗಿದರು. ಅಮ್ಮ ಪಕ್ಕದವರಿಗೆ, "ನನ್ನ ಸೊಸೆ" ಎಂದಳು. ಆ ಮಾತನ್ನು ಅಷ್ಟು ಮೆರೆದು ಅವಳು ಹೇಳಿದ್ದು ಅದೇ ಮೊದಲು.

ಒಬ್ಬರು ಎದ್ದು, "ಹೊಳೆಯೇ ದಿಕ್ಕು ಬದಲಿಸಿರಬಹುದಲ್ಲ?" ಎಂದು ಕೇಳಿದರು. ಪ್ರಶ್ನೆ ಸರಿಯಾಗಿಯೇ ಇತ್ತು. "ಇರಬಹುದು. ಆದ್ರೆ ಜೋಡುಬಂಡೆ ಜಾಗ ಬದಲಿಸಿಲ್ಲ. ಅದರ ಹತ್ತಿರದ ಹೊಳೆ ಅಂತ ಇವನು ಹೇಳ್ತಾನೆ. ಇದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ" ಎಂದರು ಅತ್ತಿಗೆ. ಇನ್ನೊಬ್ಬರು ಗೇಟಿನ ಮೇಲಿನ ಹಡಗನ್ನು ಏನು ಮಾಡೋಣ ಎಂದು ಕೊಂಕು ತೆಗೆದರು. ಕೆಲವರು ನಕ್ಕರು. ಹಡಗಿನಜ್ಜ ಮಾತ್ರ ಅಲುಗಲಿಲ್ಲ.

ಆಮೇಲೆ ಕೈ ಎತ್ತಲು ಹೇಳಿದರು. ಎತ್ತಿದ ಕೈಗಳಿಗಿಂತ ಮಡಿಲಲ್ಲೇ ಉಳಿದ ಕೈಗಳು ಹೆಚ್ಚಿದ್ದವು. ಅಧ್ಯಕ್ಷರು ಕೈ ಎತ್ತುವ ಪದ್ಧತಿ ಇಲ್ಲ. ಅಲ್ಲಿಗೆ ಮುಗಿಯಿತು. ಅತ್ತಿಗೆ ಎಲ್ಲರಿಗೂ ನಮಸ್ಕಾರ ಹೇಳಿ ವೇದಿಕೆ ಇಳಿದರು. ನನಗೆ ಅಳು ಬಂತು, ಅವರಿಗೆ ಕಾಣಬಾರದೆಂದು ಪಡಸಾಲೆಯ ಕಂಬದ ಹಿಂದೆ ನಿಂತು ಅತ್ತೆ. ಅಣ್ಣ ಅವರ ಚೀಲ ಎತ್ತಿಕೊಂಡು, "ನಡಿ, ಚೆನ್ನಾಗಿ ಹೇಳಿದೆ" ಎಂದ.

ಪಡಸಾಲೆ ದಾಟುವಷ್ಟರಲ್ಲಿ ಹಿಂದೆ ಕೋಲಿನ ಸದ್ದು ಕೇಳಿತು.

"ಟೀಚರಮ್ಮ, ನಿಲ್ಲಿ." ಹಡಗಿನಜ್ಜ ಏದುಸಿರು ಬಿಡುತ್ತಿದ್ದರು. "ದೋಣಿ ತಳ್ಳಿದ್ರಲ್ಲ, ಆಚೆ ದಡ ಮುಟ್ಟಿತಾ?"

ಅತ್ತಿಗೆ ತಬ್ಬಿಬ್ಬಾದರು. "ಗೊತ್ತಿಲ್ಲ. ಅಚ್ಚಾಗಿರೋದು ಅಲ್ಲಿಗೇ ನಿಲ್ಲುತ್ತೆ. ಮಿಕ್ಕಿದ್ದು ನಿಮ್ಮ ಕೋಣೆಯಲ್ಲಿದೆ."

"ಪ್ರಾಯದಲ್ಲಿ ಆ ಹಸ್ತಪ್ರತಿ ನನ್ನ ಕೈಯಲ್ಲೇ ಇತ್ತು. ಹಡಗಿಲ್ಲ ಅಂತ ಕಟ್ಟಿ ಇಟ್ಟುಬಿಟ್ಟೆ." ಅವರು ಗೋಡೆಗೆ ಒರಗಿದರು. "ಈಗ ಓದೋಣ ಅಂದ್ರೆ ಕಣ್ಣಿಲ್ಲ. ಕಣ್ಣಿಲ್ಲದ ಸದಸ್ಯ ಓದಿ ಹೇಳೋಕೆ ಒಬ್ಬರನ್ನ ಜೊತೆಗೆ ಕರ್ಕೊಂಡು ಹೋಗಬಹುದು, ನಿಯಮದಲ್ಲಿದೆ. ನಾಳೆ ಬರ್ತೀರಾ?"

"ನಾನಾ?"

"ನನ್ನ ಹಡಗು ಮುಳುಗಿಸಿದೋರು ನೀವು. ನನ್ನನ್ನ ದಡಕ್ಕೆ ಸೇರಿಸೋರೂ ನೀವೇ ಆಗಬೇಕು. ಬೇರೆ ಯಾರನ್ನ ಕೇಳಲಿ?"

ನಾನೇ ಕಂಬದ ಹಿಂದಿನಿಂದ ಬಂದು, "ಬರ್ತಾರೆ, ಬರ್ತಾರೆ" ಎಂದೆ.

ಬೆಳಿಗ್ಗೆ ಸ್ಕೂಟರಿನಲ್ಲಿ ಅವರನ್ನು ಬಿಟ್ಟುಬರಲು ಹೋದವಳು ನಾನೇ. ಕಬ್ಬಿಣದ ಬಾಗಿಲು ತೆರೆದಾಗ ಹಳೆಯ ಕಾಗದದ, ಕರ್ಪೂರದ ವಾಸನೆ ಬಂತು. ಒಳಗೆ ಕಪಾಟುಗಳು, ಕಿಟಕಿಯ ಪಕ್ಕ ಒಂದು ಮೇಜು, ಎರಡು ಕುರ್ಚಿ. ಅತ್ತಿಗೆ ಸೆರಗಿಗೆ ಕೈ ಒರೆಸಿಕೊಂಡು ಬಟ್ಟೆಯ ಕಟ್ಟು ಬಿಚ್ಚಿದರು. ಬಾಗಿಲಲ್ಲಿ ಇಣುಕಿ ಹೊರಡೋಣವೆಂದು ನಾನು ನಿಂತೆ.

ಅತ್ತಿಗೆ ಓದತೊಡಗಿದರು. ಮೊದಲು ರಾಜನ ಹೊಗಳಿಕೆ. "ಇದು ಕದ್ದಿದ್ದು, ಮುಂದೆ" ಎಂದರು ಅಜ್ಜ. ಆಮೇಲೆ ಚಂದ್ರ. "ಇದೂ ಕದ್ದಿದ್ದೇ" ಎಂದರು ಅತ್ತಿಗೆ. ಇಬ್ಬರೂ ಕಳ್ಳರನ್ನು ಹಿಡಿಯುವ ಮಕ್ಕಳ ಹಾಗೆ ನಗುತ್ತಿದ್ದರು. ಹಾಳೆ ತಿರುಗಿತು, ಅತ್ತಿಗೆಯ ದನಿ ನಿಂತಿತು.

"ಯಾಕೆ? ಏನಾಯ್ತು?"

"ದೋಣಿಯವನು ಯಾರಿಗೋ ಬೈತಿದ್ದಾನೆ."

"ಯಾರಿಗೆ?"

"ಇರಿ, ಅಕ್ಷರ ಮಾಸಿದೆ." ಅತ್ತಿಗೆ ಹಾಳೆಯನ್ನು ಬೆಳಕಿಗೆ ವಾಲಿಸಿದರು. ಅವರ ಕಿವಿ ಕೆಂಪಾದದ್ದು ನನಗೆ ಕಂಡಿತು. "ಕವಿಗೇ. ಎಲ್ಲರೂ ನೀರಿಗಿಳಿದು ತಳ್ಳುವಾಗ ನೀನೊಬ್ಬ ಮೇಲೆ ಕೂತು ಪದ್ಯ ಕಟ್ತೀಯಲ್ಲ, ಇಳಿಯೋ ಕೆಳಗೆ ಅಂತಿದ್ದಾನೆ."

ಹಡಗಿನಜ್ಜ ಎರಡೂ ಕೈಯಲ್ಲಿ ಮೇಜು ಹಿಡಿದು ಕುರ್ಚಿಯ ತುದಿಗೆ ಬಂದರು. ಕಪ್ಪು ಕನ್ನಡಕದ ಕೆಳಗಿಂದ ನೀರು ಹರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಅವನು ದೋಣಿಯಲ್ಲೇ ಇದ್ದ" ಎಂದರು. "ಇಳಿದ್ನಾ? ಬೇಗ ಓದಿ ತಾಯಿ, ಇಳಿದ್ನಾ?"

ಅತ್ತಿಗೆ ಮುಂದಿನ ಹಾಳೆಗೆ ಕೈ ಹಾಕಿದರು. ನಾನು ಅಂಗಡಿ ತೆರೆಯಬೇಕೆಂಬುದನ್ನು ಮರೆತು ಒಳಗೆ ಹೋಗಿ ಅವರ ಹೆಗಲ ಮೇಲಿಂದ ಬಗ್ಗಿ ನೋಡಿದೆ.